ಅಮ್ಮನ ಡ್ಯೂಟಿ ಚಾರ್ಟು

ಮೂವತ್ತೊಂದು ವರ್ಷ ಸಾರಿಗೆ ನಿಗಮದ ಡಿಪೋದಲ್ಲಿ ಕೂತು ಡ್ರೈವರ್, ಕಂಡಕ್ಟರುಗಳಿಗೆ ಡ್ಯೂಟಿ ಹಾಕಿದವನು ನಾನು. ಬೆಳಗಿನ ಐದರ ಗಾಡಿಗೆ ಯಾರು, ನೈಟ್ ಹಾಲ್ಟಿಗೆ ಯಾರು, ಯಾರಿಗೆ ವಾರದ ರಜೆ ಬಾಕಿ ಇದೆ ಎಂಬುದೆಲ್ಲ ಬಾಯಿಪಾಠ. ರಾತ್ರಿಯೆಲ್ಲ ಗಾಡಿ ಓಡಿಸಿ ಬಂದವನನ್ನು ಬೆಳಿಗ್ಗೆ ಮತ್ತೆ ಸ್ಟೀರಿಂಗ್ ಮುಂದೆ ಕೂರಿಸಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಥವನು, ಅಮ್ಮನಿಗೆ ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನನ್ನ ಹೆಂಡತಿಗೆ ಹನ್ನೆರಡು ದಿನ ಹಗಲೂ ರಾತ್ರಿ ಒಂದೇ ಡ್ಯೂಟಿ ಹಾಕಿಬಿಟ್ಟಿದ್ದೆ. ಹಾಕಿದ್ದೇನೆ ಅನ್ನುವುದೂ ನನಗೆ ತಿಳಿದಿರಲಿಲ್ಲ, ಅದು ತಾನಾಗಿಯೇ ಅವಳ ತಲೆಗೆ ಬಂದಿತ್ತು. ಹದಿಮೂರನೇ ದಿನ ಬೆಳಿಗ್ಗೆ ಅವಳು ಬಚ್ಚಲಮನೆ ಹೊಸ್ತಿಲ ಮೇಲೆ ಸೊಂಟ ಹಿಡಿದು ಕೂತವಳು ಏಳಲಿಲ್ಲ. ಒಳಗೆ ಅಮ್ಮ, ಹೊರಗೆ ಇವಳು, ನಡುವೆ ನಾನು.

ಅಮ್ಮನಿಗೆ ಆಗ 86. ತಿಪಟೂರು ಕಡೆಯ ಹಳ್ಳಿಯವಳು. ಅಪ್ಪ ರೈಲ್ವೆಯಲ್ಲಿದ್ದರು, ಅವರು ತೀರಿಕೊಂಡ ಮೇಲೆ ತುಮಕೂರಿಗೆ ನಮ್ಮ ಜೊತೆ ಬಂದಳು. 2024ರ ಸಂಕ್ರಾಂತಿ ಮುಗಿದ ಮಾರನೇ ದಿನ ಎಳ್ಳು ಬೆಲ್ಲದ ತಟ್ಟೆ ಅವಳ ಎಡಗೈಯಿಂದ ಜಾರಿ ಬಿತ್ತು. ಬಾಗಿ ಎತ್ತಿಕೊಳ್ಳಲು ಹೋದವಳು ಹಾಗೇ ಎಡಕ್ಕೆ ಒರಗಿದಳು. ಎಡಗೈ, ಎಡಗಾಲು ಸ್ವಾಧೀನ ತಪ್ಪಿತು. ಮಾತು ಮಾತ್ರ ಉಳಿಯಿತು. ಅದೊಂದು ಪುಣ್ಯ. ನನ್ನ ಹೆಂಡತಿಗೆ ಕೆಲವೊಮ್ಮೆ ಹಾಗನ್ನಿಸದೆಯೂ ಇರಬಹುದು.

ಒಂಬತ್ತು ದಿನ ಆಸ್ಪತ್ರೆ. ಬಿಡುಗಡೆಯ ದಿನ ಕೈಗೆ ಬಂದ ಹಾಳೆಯಲ್ಲಿ ಏಳು ಮಾತ್ರೆಗಳ ಹೆಸರಿತ್ತು, ಮತ್ತೆ ಯಾವಾಗ ಬರಬೇಕೆಂದಿತ್ತು. ಮಲಗಿದವರನ್ನು ಎಬ್ಬಿಸುವುದು ಹೇಗೆ, ಮಂಚದಿಂದ ಕುರ್ಚಿಗೆ ಕೂರಿಸುವುದು ಹೇಗೆ ಎಂಬ ಬಗ್ಗೆ ಅದರಲ್ಲಿ ಒಂದು ಅಕ್ಷರವಿರಲಿಲ್ಲ. ನಾನೂ ಕೇಳಲಿಲ್ಲ. ಹೆತ್ತ ತಾಯಿಯನ್ನು ಎಬ್ಬಿಸಿ ಕೂರಿಸುವುದಕ್ಕೆ ಯಾರಾದರೂ ಪಾಠ ಹೇಳಿಸಿಕೊಳ್ಳುತ್ತಾರೆಯೇ? ಮೂರನೇ ದಿನ ಅವಳ ಎಡಗೈ ಹಿಡಿದು ಎಳೆದು ಎಬ್ಬಿಸಿದೆ. ಲಕ್ವ ಹೊಡೆದ ಕಡೆ ಭುಜದ ಸ್ನಾಯುಗಳಲ್ಲಿ ಬಿಗಿ ಇರುವುದಿಲ್ಲ, ಎಳೆದರೆ ಕೀಲು ಜಾರುತ್ತದೆ. ಅಮ್ಮ ಮುಂದೆ ನಾಲ್ಕು ತಿಂಗಳು ಅನುಭವಿಸಿದ ಭುಜದ ನೋವು ಲಕ್ವದ್ದಲ್ಲ, ನನ್ನದು.

ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗ ಮನೆಗೆ ಬಂದ. ಅಮ್ಮನಿಗೆ ವ್ಯಾಯಾಮ ಮಾಡಿಸಲು ಕರೆಸಿದ್ದೆವು. ಅವನು ಮೊದಲ ಒಂದು ಗಂಟೆ ನನಗೇ ಮಾಡಿಸಿದ. ನನ್ನನ್ನು ಮಂಚದ ಮೇಲೆ ಮಲಗಿಸಿ, "ಸಾರ್, ಈಗ ನಿಮ್ಮ ಎಡಗಡೆ ಸತ್ತುಹೋಗಿದೆ ಅಂದ್ಕೊಳ್ಳಿ, ನಾನು ಹೇಳೋ ತನಕ ಅಲ್ಲಾಡಿಸಬೇಡಿ" ಅಂದ. ಹಾಗೆ ಮಲಗಿದಾಗ ತಿಳಿದದ್ದು ಇಷ್ಟು. ಮೊದಲು ಮಂಡಿ ಮಡಿಸಬೇಕು. ಆಮೇಲೆ ಸೊಂಟ, ಭುಜ ಎರಡಕ್ಕೂ ಕೈಕೊಟ್ಟು ಮರದ ದಿಮ್ಮಿಯನ್ನು ಉರುಳಿಸಿದ ಹಾಗೆ ಒಟ್ಟಿಗೆ ಮಗ್ಗುಲಿಗೆ ತಿರುಗಿಸಬೇಕು. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡಿಸುತ್ತಲೇ ಮೇಲಿನ ಮೈಯನ್ನು ಎಬ್ಬಿಸಿದರೆ ಅರ್ಧ ಭಾರ ಕಾಲೇ ಹೊರುತ್ತದೆ. ಕುರ್ಚಿಯನ್ನು ಅವರ ಬಲವಿರುವ ಕಡೆಗೆ, ಮಂಚಕ್ಕೆ ಆತುಕೊಂಡಂತೆ ಇಡಬೇಕು. ಗಾಲಿಕುರ್ಚಿಯಾದರೆ ಬ್ರೇಕ್ ಹಾಕಿರಬೇಕು. ನಮ್ಮ ಮಂಡಿಯನ್ನು ಅವರ ಸೋತ ಮಂಡಿಗೆ ಅಡ್ಡ ಕೊಟ್ಟು, ಸೊಂಟಕ್ಕೆ ಕಟ್ಟಿದ ಅಗಲದ ಬೆಲ್ಟನ್ನು ಹಿಡಿದು ಎತ್ತಬೇಕು. ಕಂಕುಳಿಗೆ ಕೈ ಹಾಕಲೇಬಾರದು. ಬಟ್ಟೆ ತೊಡಿಸುವಾಗ ಸೋತ ಕೈಗೆ ಮೊದಲು, ಬಿಚ್ಚುವಾಗ ಸೋತ ಕೈಯಿಂದ ಕೊನೆಗೆ. ಈ ಒಂದು ಮಾತು ಗೊತ್ತಿಲ್ಲದೆ ನನ್ನ ಹೆಂಡತಿ ರವಿಕೆ ಬಿಚ್ಚಲು ದಿನಾ ಅರ್ಧ ಗಂಟೆ ಹೆಣಗುತ್ತಿದ್ದಳು. ಎರಡು ರವಿಕೆಯ ತೋಳನ್ನು ಕತ್ತರಿಸಿಯೂ ಆಗಿತ್ತು.

ಮೂರು ದಿನ, ದಿನಕ್ಕೆ ಐನೂರು ರೂಪಾಯಿ. ಅಮ್ಮನ ಕಾಯಿಲೆಗೆ ನಾನು ಖರ್ಚು ಮಾಡಿದ ಹಣದಲ್ಲಿ ಪೂರ್ತಿ ವಸೂಲಾದದ್ದು ಆ ಒಂದೂವರೆ ಸಾವಿರ. ಅದನ್ನು ಮೊದಲೇ ಮಾಡಿದ್ದರೆ ಆರೈಕೆಗೆಂದು ಇಬ್ಬರು ಹೆಣ್ಣುಮಕ್ಕಳನ್ನು ಸುಮ್ಮನೆ ಕರೆಸಿ ಕಳಿಸುವ ಪ್ರಮೇಯ ಬರುತ್ತಿರಲಿಲ್ಲ. ಗಾಡಿಯ ರೂಟು ಗೊತ್ತಿಲ್ಲದವನು ಶೆಡ್ಯೂಲ್ ಬರೆಯಬಾರದು. ನಾನು ಅದನ್ನೇ ಮಾಡಿದ್ದೆ.

ಹೆಂಡತಿಯ ಸೊಂಟ ಹಿಡಿದ ದಿನ ಒಂದು ಏಜೆನ್ಸಿಗೆ ಫೋನ್ ಮಾಡಿ "ಹೋಮ್ ನರ್ಸ್ ಬೇಕು" ಅಂದೆ. ಅವರು ಕೇಳಿದ್ದು ಎರಡೇ: ಪೇಷೆಂಟ್ ಗಂಡೋ ಹೆಣ್ಣೋ, ಹನ್ನೆರಡು ಗಂಟೆಯೋ ಇಪ್ಪತ್ತನಾಲ್ಕೋ. ನಾನು ಕೇಳಿದ್ದು ಒಂದೇ: ಕನ್ನಡ ಬರುತ್ತಾ? "ಬರುತ್ತೆ ಸಾರ್" ಅಂದರು. ಬಂದ ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ. ಹೊರ ರಾಜ್ಯದವಳು, ಕನ್ನಡ ಬರುತ್ತಿರಲಿಲ್ಲ, ಕೆಲಸವೂ ಬರುತ್ತಿರಲಿಲ್ಲ. ಅದಕ್ಕೆ ಮುಂಚೆ ಒಂದು ಮಗುವನ್ನು ನೋಡಿಕೊಂಡಿದ್ದಳಂತೆ. ಮೂರು ರಾತ್ರಿ ಅಡುಗೆಮನೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಅಳುತ್ತಿದ್ದಳು, ನಾಲ್ಕನೇ ದಿನ ಹೊರಟುಹೋದಳು. ಎರಡನೆಯವಳಿಗೆ ಕೆಲಸ ಬರುತ್ತಿತ್ತು, ರಾತ್ರಿ ಎಚ್ಚರವಾಗುತ್ತಿರಲಿಲ್ಲ. ಅವಳದೇ ತಪ್ಪೆನ್ನಲು ನನಗೆ ಬಾಯಿಲ್ಲ. ಹಗಲೆಲ್ಲ ದುಡಿದವಳನ್ನು ರಾತ್ರಿ ಎರಡೆರಡು ಗಂಟೆಗೆ ಏಳು ಅಂದದ್ದು ಯಾರು?

ಅವಳು ಹೋದ ವಾರ ಅಮ್ಮನ ಬೆನ್ನಿನ ಬುಡದಲ್ಲಿ ಎಂಟಾಣೆ ಅಗಲದ ಕೆಂಪು ಕಂಡಿತು. ನನ್ನ ಹೆಂಡತಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿದಳು. ತೆಂಗಿನ ಸೀಮೆಯವರು ನಾವು, ಯಾವ ನೋವಿಗೂ ಕೈ ಮೊದಲು ಹೋಗುವುದು ಎಣ್ಣೆ ಬಟ್ಟಲಿಗೆ. ಎರಡು ದಿನದಲ್ಲಿ ಅಲ್ಲಿ ಚರ್ಮ ಸುಲಿಯಿತು. ಹಾಸಿಗೆ ಹುಣ್ಣು ಒತ್ತಡದಿಂದ ಆಗುವಂಥದ್ದು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹರಿಯದೆ ಒಳಗಿನಿಂದ ಸಾಯುತ್ತದೆ, ಮೇಲೆ ಕಾಣುವ ಕೆಂಪು ಅದರ ಸುದ್ದಿ ಅಷ್ಟೇ. ಬೆರಳಿನಿಂದ ಒತ್ತಿ ಬಿಟ್ಟಾಗ ಆ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದು ಅರ್ಥ. ಒತ್ತಿದರೂ ಕೆಂಪಾಗಿಯೇ ಇದ್ದರೆ ಹುಣ್ಣು ಶುರುವಾಗಿದೆ. ಆಗ ತಿಕ್ಕಿದರೆ ಸೋತ ಮಾಂಸ ಇನ್ನಷ್ಟು ಹರಿಯುತ್ತದೆ. ಔಷಧಿ ಅಂಗಡಿಯವರು ಟ್ಯೂಬಿನಂಥ ರಬ್ಬರ್ ರಿಂಗ್ ಕೊಟ್ಟಿದ್ದರು. ಅದು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತವನ್ನೇ ತಡೆಯುತ್ತದೆ ಎಂದು ಡ್ರೆಸ್ಸಿಂಗಿಗೆ ಬಂದ ನರ್ಸ್ ಅದನ್ನು ಎತ್ತಿಡಿಸಿದರು. ಗಾಳಿ ತುಂಬಿ ಇಳಿಯುವ ಏರ್ ಬೆಡ್ ತಂದಿದ್ದೆವಲ್ಲ ಅಂದೆ. "ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸೋದು ತಪ್ಪಲ್ಲ ಸಾರ್" ಅಂದರು. ಎರಡು ಗಂಟೆಗೊಮ್ಮೆ ಎಡ, ಬಲ, ಅಂಗಾತ. ಮಂಡಿಗಳ ನಡುವೆ ಒಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಒಂದು. ಆ ಎಂಟಾಣೆ ಹುಣ್ಣು ಮಾಯಲು ಏಳು ವಾರ ಹಿಡಿಯಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಡ್ರೆಸ್ಸಿಂಗಿಗೆ ಬಂದಿದ್ದರಲ್ಲ, ಅವರು ನಿಜವಾದ ನರ್ಸ್. ಓದಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವರು. ಇಂಜೆಕ್ಷನ್, ಮೂತ್ರದ ಟ್ಯೂಬು, ಮೂಗಿನ ಟ್ಯೂಬು, ಹುಣ್ಣಿನ ಡ್ರೆಸ್ಸಿಂಗ್ ಅವರ ಕೆಲಸ. ನಾವು ಹೋಮ್ ನರ್ಸ್ ಎಂದು ಕರೆಯುವವರಲ್ಲಿ ಬಹುಪಾಲು ನರ್ಸ್‌ಗಳಲ್ಲ, ಆರೈಕೆಯವರು. ಕೆಲವರು ಕೆಲವು ತಿಂಗಳ ತರಬೇತಿ ಪಡೆದಿರುತ್ತಾರೆ, ಹಲವರು ಯಾರದೋ ಮನೆಯಲ್ಲಿ ಮಾಡುತ್ತ ಕಲಿತಿರುತ್ತಾರೆ. ಮೀಯಿಸುವುದು, ಉಣಿಸುವುದು, ಡಯಾಪರ್ ಬದಲಿಸುವುದು, ಮಗ್ಗುಲು ಹಾಕುವುದು, ನಡೆಸುವುದು ಇವರ ಕೆಲಸ. ಅದು ಸಣ್ಣ ಕೆಲಸವೇನಲ್ಲ. ಆದರೆ ನರ್ಸ್ ಬೇಕಾದಲ್ಲಿ ಇವರನ್ನು ಕರೆದರೆ ಅಪಾಯ, ಇವರು ಸಾಕಾದಲ್ಲಿ ನರ್ಸನ್ನು ಕರೆದರೆ ದುಡ್ಡು ದಂಡ. ನಮಗೆ ಬೇಕಿದ್ದದ್ದು ಇಪ್ಪತ್ತನಾಲ್ಕು ಗಂಟೆಗೆ ಒಬ್ಬ ಆರೈಕೆಯವಳು, ವಾರಕ್ಕೆ ಎರಡು ಸಲ ಅರ್ಧ ಗಂಟೆಗೆ ಒಬ್ಬ ನರ್ಸ್. ಇಷ್ಟು ಅರ್ಥವಾಗಲು ನನಗೆ ಎರಡು ತಿಂಗಳು ಬೇಕಾಯಿತು.

ಮೂರನೆಯವಳನ್ನು ಕರೆಸುವ ಹೊತ್ತಿಗೆ ನಾನು ಡಿಪೋದ ಹಳೆಯ ಅಭ್ಯಾಸಕ್ಕೆ ಬಂದಿದ್ದೆ. ಒಂದು ಹಾಳೆಯಲ್ಲಿ ಅಮ್ಮನ ದಿನವನ್ನು ಗಂಟೆ ಗಂಟೆಗೆ ಬರೆದೆ. ಐದೂವರೆಗೆ ಕಾಫಿ, ಅದು ಹತ್ತು ನಿಮಿಷ ತಡವಾದರೆ ಇಡೀ ದಿನ ಕೆಡುತ್ತದೆ. ಸ್ನಾನ ಹನ್ನೊಂದಕ್ಕೆ, ಬಿಸಿಲು ಕೋಣೆಗೆ ಬಂದ ಮೇಲೆ. ನೈಟಿ ಹಾಕುವುದಿಲ್ಲ, ಸೀರೆಯೇ ಬೇಕು. ಅದಕ್ಕೆ ಆರು ಗಜವನ್ನು ಎರಡು ತುಂಡು ಮಾಡಿ, ಕೆಳಗಿನ ತುಂಡನ್ನು ಲುಂಗಿಯಂತೆ ಸುತ್ತಿ, ಸೆರಗಿನ ತುಂಡನ್ನು ಮೇಲೆ ಹೊದಿಸುತ್ತೇವೆ. ಹೀಗೆಲ್ಲ ಬರೆದ ಮೇಲೆ ಏಜೆನ್ಸಿಯವರಿಗೆ ಹೇಳಿದೆ, ಬರುವವರು ಒಪ್ಪಿಕೊಳ್ಳುವ ಮುಂಚೆ ನನ್ನೆದುರಿಗೇ ಅಮ್ಮನನ್ನು ಒಮ್ಮೆ ಮಗ್ಗುಲಾಗಿಸಲಿ, ಒಮ್ಮೆ ಕುರ್ಚಿಗೆ ಕೂರಿಸಲಿ. "ಹಂಗೆಲ್ಲ ಯಾರೂ ಕೇಳಲ್ಲ ಸಾರ್" ಅಂದರು. ಡ್ರೈವರ್ ಕೆಲಸಕ್ಕೆ ತಗೊಳ್ಳುವಾಗ ಗಾಡಿ ಓಡಿಸಿ ತೋರಿಸು ಅನ್ನುವುದಿಲ್ಲವೇ?

ಬಂದವಳು ಸಿಂಧನೂರು ಕಡೆಯ ಹೆಂಗಸು, ನಲವತ್ತರ ಮೇಲಿನ ವಯಸ್ಸು. ಮಂಚದ ಹತ್ತಿರ ಹೋದವಳು ನಾವು ಹೇಳುವ ಮುಂಚೆಯೇ ಎರಡೂ ಕೈ ಉಜ್ಜಿ ಬಿಸಿ ಮಾಡಿಕೊಂಡಳು. ಆಮೇಲೆ "ಯವ್ವಾ, ಈಗ ಬಲಕ್ಕ ಹೊಳ್ಳೋಣರಿ" ಎಂದು ಹೇಳಿ, ಅಮ್ಮ ಹೂಂಗುಟ್ಟುವ ತನಕ ಕಾದು, ಹೊರಳಿಸಿದಳು. ಮುಟ್ಟುವ ಮುಂಚೆ ಹೇಳುವುದು. ನಾವು ಮೂವರು ಮಕ್ಕಳು, ಒಬ್ಬ ಸೊಸೆ, ಯಾರೂ ಅಲ್ಲಿಯವರೆಗೆ ಅಮ್ಮನಿಗೆ ಹೇಳಿ ಮುಟ್ಟಿರಲಿಲ್ಲ. ಮೂಟೆ ಸರಿಸಿದ ಹಾಗೆ ಸರಿಸುತ್ತಿದ್ದೆವು.

ಅಮ್ಮ ಕೇಳಿದ ಮೊದಲ ಪ್ರಶ್ನೆ, "ನಿಮ್ದು ಯಾವ ಜನ್ವಮ್ಮ?" ನಾನು ಕಿಟಕಿಯಾಚೆ ನೋಡಿದೆ. ಆಕೆ ಡಯಾಪರಿನ ಪಟ್ಟಿ ಬಿಗಿಯುತ್ತಲೇ ಅಂದಳು, "ನಾ ಅಡಗಿ ಮನಿಗಿ ಬರಂಗಿಲ್ರೀ ಯವ್ವಾ, ನಿಮ್ಮ ಮೈ ತೊಳ್ಯಾಕ ಬಂದೀನಿ." ಅಮ್ಮ ಮತ್ತೆ ಕೇಳಲಿಲ್ಲ. ಆದರೆ ಮೊದಲ ಮೂರು ವಾರ ನಮ್ಮ ಮನೆಯಲ್ಲಿ ಆಕೆಗೆ ಬೇರೆ ತಟ್ಟೆ, ಬೇರೆ ಲೋಟ ಇತ್ತೆಂಬುದನ್ನು ಇಲ್ಲಿ ಬರೆಯದೆ ಮುಂದೆ ಹೋಗಲಾರೆ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಲೋಟ ತಾನಾಗಿಯೇ ಸಿಂಕಿನ ಆ ಬದಿಗೆ ಹೋಗಿ ಕೂತಿತ್ತು.

ಅದನ್ನು ಮುರಿದದ್ದು ಅಂಬಲಿಯ ಗಂಟು. ಲಕ್ವದವರಿಗೆ ನೀರು ನೆತ್ತಿಗೇರುವುದು ಹೆಚ್ಚು. ತೆಳ್ಳಗಿನದು ಗಂಟಲಿಗೆ ಓಡಿಬಿಡುತ್ತದೆ, ಉಸಿರಿನ ದಾರಿ ಮುಚ್ಚಿಕೊಳ್ಳಲು ಪುರುಸೊತ್ತಾಗುವುದಿಲ್ಲ. ಸ್ವಲ್ಪ ಗಟ್ಟಿಯಾದದ್ದು ನಿಧಾನ ಇಳಿಯುತ್ತದೆ. ಹಾಗಾಗಿ ನೀರಿಗಿಂತ ರಾಗಿ ಅಂಬಲಿ ಸಲೀಸು. ನೆಟ್ಟಗೆ ಕೂರಿಸಿ, ಗದ್ದ ಕೊಂಚ ತಗ್ಗಿಸಿ, ಸಣ್ಣ ಚಮಚದಲ್ಲಿ. ನುಂಗಿದ ಮೇಲೆ ಎಡಗೆನ್ನೆಯ ಒಳಗೆ ಏನಾದರೂ ಉಳಿದಿದೆಯೇ ಎಂದು ನೋಡಬೇಕು, ಆ ಕಡೆ ಇದೆಯೆಂಬುದೇ ಅವರಿಗೆ ಗೊತ್ತಾಗುವುದಿಲ್ಲ. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ನನ್ನ ಹೆಂಡತಿಗೆ ಅವಸರ, ಅಂಬಲಿಯಲ್ಲಿ ಗಂಟು. ಒಂದು ದಿನ ಗಂಟು ಸಿಕ್ಕಿ ಅಮ್ಮ ಕೆಮ್ಮಿ ಕೆಮ್ಮಿ ಮುಖ ಕಪ್ಪಾಯಿತು. ಸುಧಾರಿಸಿಕೊಂಡವಳು ಸೊಸೆಗೆ ಹೇಳಿದಳು, "ನೀನು ಬಿಡವ್ವ. ಅವಳು ಕಾಯ್ಸಲಿ." ಸಿಂಧನೂರಿನವಳು ಅವತ್ತು ಒಲೆ ಮುಂದೆ ನಿಂತು, ಹಿಟ್ಟನ್ನು ತಣ್ಣೀರಲ್ಲಿ ಕಲಸಿ, ಕುದಿಯುವ ನೀರಿಗೆ ಹುಯ್ಯುತ್ತ ಸೌಟು ಬಿಡದೆ ತಿರುವಿದಳು. ಮಾರನೇ ದಿನದಿಂದ ಲೋಟಗಳೆಲ್ಲ ಒಂದೇ ಬುಟ್ಟಿಯಲ್ಲಿದ್ದವು.

ಸ್ನಾನದ ಮಾತನ್ನು ಗಂಡುಮಕ್ಕಳು ಯಾರೂ ಆಡುವುದಿಲ್ಲ. ಹೆಂಡತಿಯ ಸೊಂಟ ಪೂರ್ತಿ ನೆಟ್ಟಗಾಗಲಿಲ್ಲ, ಸಿಂಧನೂರಿನವಳಿಗೂ ರಜೆ ಬೇಕು. ಅಂದಮೇಲೆ ಒಂದಲ್ಲ ಒಂದು ದಿನ ನನ್ನ ಸರದಿ ಬರಲೇಬೇಕು. ಆಕೆಯೇ ಹೇಳಿಕೊಟ್ಟಳು. ಇಡೀ ಮೈ ಬಿಚ್ಚಿಡುವುದಿಲ್ಲ. ಮೇಲೊಂದು ದುಪ್ಪಟಿ ಹೊದಿಸಿ, ಒಂದೊಂದೇ ಭಾಗ ಹೊರತೆಗೆದು, ಒರೆಸಿ, ಒಣಗಿಸಿ, ಮತ್ತೆ ಮುಚ್ಚುವುದು. ಮೊದಲು ಮುಖ, ಕಣ್ಣನ್ನು ಮೂಗಿನ ಕಡೆಯಿಂದ ಹೊರಕ್ಕೆ. ಆಮೇಲೆ ಕತ್ತು, ಕೈ, ಎದೆ, ಬೆನ್ನು, ಕಾಲು. ಕೊನೆಗೆ ನೀರು ಬದಲಿಸಿ, ಬಟ್ಟೆ ಬದಲಿಸಿ, ಮುಂದಿನಿಂದ ಹಿಂದಕ್ಕೆ. ಮೊಲೆಯ ಕೆಳಗೆ, ತೊಡೆಸಂದಿಯಲ್ಲಿ ಪಸೆ ಉಳಿಯಬಾರದು. ಮೊದಲ ಸಲ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನಾನೂ ಹಾಗೇ ಇದ್ದೆನೇನೋ, "ಕಣ್ ಬಿಟ್ಕಂಡು ಒರೆಸೋ, ಸೋಪು ಹಂಗೇ ಐತೆ" ಅಂದಳು.

ದುಡ್ಡಿನ ವಿಷಯ. ಏಜೆನ್ಸಿಗೆ ತಿಂಗಳಿಗೆ 24,000, ಮೊದಲಿಗೆ ನೋಂದಣಿ ಎಂದು 5,000. ಎರಡನೇ ತಿಂಗಳು ಆಕೆ ಮಗಳ ಕಾಲೇಜು ಫೀಸಿಗೆ ಸಾಲ ಕೇಳಿದಾಗ ಗೊತ್ತಾಯಿತು, ಆಕೆಯ ಕೈಗೆ ಹೋಗುತ್ತಿದ್ದದ್ದು 16,000. ಮಧ್ಯದ ಎಂಟು ಸಾವಿರಕ್ಕೆ ನನಗೆ ಸಿಕ್ಕಿದ್ದು, ಈಕೆ ಹೋದರೆ ಇನ್ನೊಬ್ಬಳು ಬರುತ್ತಾಳೆ ಎಂಬ ಭರವಸೆ. ಅದಕ್ಕೂ ಬೆಲೆ ಇಲ್ಲವೆಂದಲ್ಲ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಆರೈಕೆಯವರ ಕೈಗೆ ಎಷ್ಟು ಸೇರುತ್ತದೆ, ವಾರದ ರಜೆಯ ದಿನ ಬದಲಿ ಯಾರು, ರಾತ್ರಿ ಎದ್ದದ್ದಕ್ಕೆ ಏನು ಎಂದು ಕೇಳಬೇಕಿತ್ತು. ಮನೆಗೆಲಸದವರಿಗೆ ಕನಿಷ್ಠ ವೇತನ ಎಂದು ಕರ್ನಾಟಕ 2004ರಲ್ಲೇ ಆದೇಶ ಹೊರಡಿಸಿತ್ತು. ಮನೆಯೊಳಗೆ ಬಂದು ಅದನ್ನು ಯಾರು ನೋಡುತ್ತಾರೆ? ರಾತ್ರಿಯ ಲೆಕ್ಕಕ್ಕೆಂದು ನಾನು ಆಕೆಗೆ ಪ್ರತ್ಯೇಕವಾಗಿ ತಿಂಗಳಿಗೆ ಎರಡು ಸಾವಿರ ಕೊಡತೊಡಗಿದೆ. ಭಾನುವಾರ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ರಜೆ. "ಭಾನುವಾರವೇ ಯಾಕೆ, ಅವತ್ತೇ ನೆಂಟರು ಬರೋದು" ಎಂದು ಮನೆಯಲ್ಲಿ ಜಗಳವಾಯಿತು. ವಾರದ ರಜೆ ಕೊಡದೆ ಗಾಡಿ ಓಡಿಸಿದ ಡಿಪೋ ಉದ್ಧಾರವಾದದ್ದನ್ನು ನಾನು ನೋಡಿಲ್ಲ ಅಂದೆ.

ಡಯಾಪರ್, ಮಾತ್ರೆ, ನರ್ಸ್, ಬಾಡಿಗೆ ಮಂಚ ಎಲ್ಲ ಸೇರಿ ಇನ್ನೊಂದು ಹದಿನೈದು ಸಾವಿರ. ಎಪ್ಪತ್ತು ದಾಟಿದವರಿಗೆಂದು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಆರಂಭಿಸಿದ ಐದು ಲಕ್ಷದ ಆಯುಷ್ಮಾನ್ ರಕ್ಷಣೆ ಆಸ್ಪತ್ರೆಯಲ್ಲಿ ದಾಖಲಾದಾಗಿನ ಚಿಕಿತ್ಸೆಗೆ, ಮನೆಯಲ್ಲಿ ಮಗ್ಗುಲು ಬದಲಿಸುವವರ ಸಂಬಳಕ್ಕಲ್ಲ. ತಮ್ಮ ಬೆಂಗಳೂರಿನಿಂದ, ತಂಗಿ ಹುಬ್ಬಳ್ಳಿಯಿಂದ ಪಾಲು ಕಳಿಸುತ್ತಾರೆ. ತಮ್ಮ ಮೊದಲು ತಕರಾರು ಮಾಡಿದ. ನಾನು ಪ್ರತಿ ತಿಂಗಳ ಲೆಕ್ಕವನ್ನು ವಾಟ್ಸಾಪಿಗೆ ಹಾಕತೊಡಗಿದ ಮೇಲೆ ನಿಂತಿತು. ಪೋಷಕರ ಪಾಲನೆ ಪೋಷಣೆಗೆ 2007ರ ಕಾಯ್ದೆ ಇದೆ, ದೂರು ಕೊಟ್ಟರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. ಆಸ್ತಿ ಬರೆಸಿಕೊಂಡು ನೋಡಿಕೊಳ್ಳದೆ ಹೋದರೆ, ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿದ್ದಲ್ಲಿ, ಅದನ್ನು ರದ್ದು ಮಾಡಿಸಲೂ ದಾರಿಯಿದೆ. ದಾನಪತ್ರ ಬರೆಯುವ ಹಿರಿಯರು ಆ ಷರತ್ತನ್ನು ಬರೆಸದೆ ಸಹಿ ಹಾಕಬಾರದು. ಕಷ್ಟದಲ್ಲಿರುವ ಹಿರಿಯರು 14567ಕ್ಕೆ ಫೋನ್ ಮಾಡಬಹುದು. ಆದರೆ ರಾತ್ರಿ ಎರಡು ಗಂಟೆಗೆ ಏಳುವವರು ಯಾರೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಅದಕ್ಕೆ ಚಾರ್ಟೇ ಗತಿ.

ಮನೆಬಾಗಿಲಿಗೆ ಬರುವ ಕೆಲವು ಒಳ್ಳೆಯವೂ ಇವೆ. ನವೆಂಬರಿನಲ್ಲಿ ಪೆನ್ಶನ್ನಿನ ಜೀವಂತ ಪ್ರಮಾಣಪತ್ರಕ್ಕೆ ಪೋಸ್ಟ್‌ಮ್ಯಾನ್ ಮನೆಗೇ ಬಂದು 70 ರೂಪಾಯಿಗೆ ಮಾಡಿಕೊಟ್ಟರು. ಇಲ್ಲದಿದ್ದರೆ ಅಮ್ಮನನ್ನು ಬ್ಯಾಂಕಿನ ಮೆಟ್ಟಿಲು ಹತ್ತಿಸುವುದು ಹೇಗೆಂದು ಯೋಚಿಸುತ್ತಿದ್ದೆ. 2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರಿಗೆ ಮನೆಯಲ್ಲೇ ಮತದಾನವಿತ್ತು. ಮುಂಚೆಯೇ 12ಡಿ ಅರ್ಜಿ ತುಂಬಿ ಕೊಟ್ಟಿದ್ದೆವು. ಅಧಿಕಾರಿಗಳು ಪೆಟ್ಟಿಗೆ ಹೊತ್ತು ಬಂದು, ಮಂಚದ ಪಕ್ಕ ಮರೆ ಮಾಡಿಕೊಟ್ಟರು. ಅಮ್ಮ ನನ್ನನ್ನೂ ಹೊರಗೆ ಕಳಿಸಿದಳು. ಯಾರಿಗೆ ಹಾಕಿದೆ ಅಂದರೆ ಇವತ್ತಿಗೂ ಹೇಳುವುದಿಲ್ಲ. ತಿಂಗಳುಗಟ್ಟಲೆ ಮೈಯ ಒಂದಿಂಚೂ ಗುಟ್ಟಾಗಿ ಉಳಿಯದವಳಿಗೆ ಅದೊಂದು ಗುಟ್ಟು ಸಿಕ್ಕಿತ್ತು.

ಚಾರ್ಟು ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ. ಡಿಪೋದ ಡ್ಯೂಟಿ ಹಾಳೆಯ ಮಾದರಿಯಲ್ಲೇ ಗೆರೆ ಎಳೆದದ್ದು. ಸಿಂಧನೂರಿನವಳು ಓದಿದ್ದು ನಾಲ್ಕನೇ ಕ್ಲಾಸು. ನಾನು "ಎಡ", "ಬಲ" ಎಂದು ಬರೆಯುವ ಜಾಗದಲ್ಲಿ ಆಕೆ ಬಾಣದ ಗುರುತು ಹಾಕುತ್ತಾಳೆ, ಮೂತ್ರವಾದರೆ ಒಂದು ಸೊನ್ನೆ. ಡಾಕ್ಟರು ಬಂದಾಗ ಮೊದಲು ನೋಡುವುದು ಆ ಬಾಣ, ಸೊನ್ನೆಗಳನ್ನು. ಒಮ್ಮೆ ಸೊನ್ನೆಗಳು ಎಂಟರಿಂದ ಮೂರಕ್ಕೆ ಇಳಿದದ್ದು ನೋಡಿಯೇ ಅವರು ಮೂತ್ರದ ಸೋಂಕು ಹಿಡಿದರು.

ಹೋದ ವರ್ಷ ಬನದ ಹುಣ್ಣಿಮೆಗೆ ಆಕೆಗೆ ಊರ ಕಡೆ ಜಾತ್ರೆ. ಹತ್ತು ದಿನ ರಜೆ. ಏಜೆನ್ಸಿ ಬದಲಿ ಕಳಿಸುತ್ತೇನೆಂದಿತು, ಅಮ್ಮ ಬೇಡವೆಂದಳು. ಹಗಲು ಹೆಂಡತಿ ಮತ್ತು ಹುಬ್ಬಳ್ಳಿಯಿಂದ ಬಂದ ತಂಗಿ, ರಾತ್ರಿ ನಾನು ಎಂದು ಡ್ಯೂಟಿ ಹಾಕಿದೆ. ಆರನೇ ರಾತ್ರಿ ಎರಡು ಗಂಟೆಗೆ ಅಲಾರಂ ಹೊಡೆಯಿತು. ಕೈ ಉಜ್ಜಿಕೊಂಡು, "ಅಮ್ಮ, ಎಡಕ್ಕೆ ತಿರುಗೋಣ" ಎಂದು ಹೇಳಿ, ಅವಳು ಹೂಂ ಅನ್ನುವ ತನಕ ಕಾದು, ತಿರುಗಿಸಿದೆ. ಮಂಡಿಗಳ ನಡುವೆ ದಿಂಬಿಟ್ಟೆ.

"ದಿಂಬು ಕೆಳಗಾಯ್ತು ಕಣೋ. ಅವಳು ಹಿಂಗಿಡಲ್ಲ."

ಮೇಲೆ ಸರಿಸಿದೆ.

"ಅವಳು ಬರೋದು ಯಾವತ್ತು?"

"ಗುರುವಾರ."

ಅಮ್ಮ ಬಲಗೈಯ ಬೆರಳು ಮಡಚಿ ಲೆಕ್ಕ ಹಾಕಿದಳು. "ಇನ್ನೂ ನಾಕು ದಿನ ನಿನ್ನ ಕೈಗೆ ಸಿಕ್ಕಿದೀನಿ ಅನ್ನು" ಎಂದು ಕಣ್ಣು ಮುಚ್ಚಿದಳು. ನಾನು ಫ್ರಿಜ್ಜಿನ ಹತ್ತಿರ ಹೋಗಿ ಎಡಕ್ಕೆ ಒಂದು ಬಾಣ ಹಾಕಿದೆ.